ಬೆರಳಿಗೆ ಸುತ್ತಿದ ಬಟ್ಟೆ

ಮುನಿರಾಜ್ ಎಡಗೈಯ ತೋರುಬೆರಳಿಗೆ ಬಟ್ಟೆ ಸುತ್ತಿಕೊಂಡೇ ಮನೆಯ ಹೊಸಿಲು ದಾಟಿದ. ಬೆರಳಿಗೆ ಗಾಯವೇನೂ ಆಗಿರಲಿಲ್ಲ. ಓಟಿನ ಶಾಯಿಯೂ ಹತ್ತಿರಲಿಲ್ಲ. ಶಾಯಿ ಇಲ್ಲದ್ದು ಯಾರಿಗೂ ಕಾಣಬಾರದಾಗಿತ್ತು.

"ಹಾಕ್ದೇನಪ್ಪಾ?" ಜಗಲಿಯಲ್ಲಿ ಕೂತಿದ್ದ ಅಪ್ಪ ಮುನಿಆಂಜನಪ್ಪ ಕೇಳಿದ.

"ಹಾಕ್ದೆ ಅಪ್ಪಾ. ಕೊನೇ ಗಳಿಗೇಲಿ ನುಗ್ಗಿದೆ."

"ಬೆರಳಿಗೇನಾಯ್ತು?"

"ಮಿಷನ್‌ಗೆ ಸಿಕ್ತು."

ಗರುಡಾಚಾರ್‌ಪಾಳ್ಯದ ಆಚೆಯ ಆ ಹಳ್ಳಿಯಲ್ಲಿ ಅಂದು ಪಂಚಾಯಿತಿ ಚುನಾವಣೆ. ಹೆಂಗಸರಿಗೆ ಮೀಸಲಾದ ಸೀಟಿಗೆ ಮುನಿರಾಜನ ತಾಯಿ ಅಕ್ಕಯಮ್ಮ ನಿಂತಿದ್ದಳು. ಎದುರಾಳಿ ಎದುರುಮನೆಯ ಮುನಿತಾಯಮ್ಮ. ಇಬ್ಬರೂ ಒಂದೇ ಕಣದಲ್ಲಿ ರಾಗಿ ಒಣಗಿಸಿಕೊಂಡು ಬಂದವರು. ಗಂಡಸರು ನಿಲ್ಲಿ ಎಂದರು, ಇವರು ನಿಂತರು. ಆದರೆ ನಿಂತ ಮೇಲೆ ಅಕ್ಕಯಮ್ಮನಿಗೆ ಆಸೆ ಚಿಗುರಿತ್ತು. ಗೆದ್ದರೆ ಮೊದಲು ಕೊಳವೆಬಾವಿ ಕೊರೆಸಿ, ಕೇರಿಯ ಹೆಂಗಸರು ಬಿಂದಿಗೆ ಹೊತ್ತು ಅಲೆಯುವುದನ್ನು ತಪ್ಪಿಸಬೇಕು ಎನ್ನುತ್ತಿದ್ದಳು.

ಹಳ್ಳಿಗೇನೋ ರಜೆ. ಮುನಿರಾಜನ ಕಾರ್ಖಾನೆ ಇದ್ದದ್ದು ಬೆಂಗಳೂರಿನ ಇನ್ನೊಂದು ತುದಿಯ ಪೀಣ್ಯದಲ್ಲಿ. ಅಲ್ಲಿ ಚುನಾವಣೆಯೂ ಇಲ್ಲ, ರಜೆಯೂ ಇಲ್ಲ. ಕೋಳಿ ಕೂಗುವ ಮೊದಲೇ ಎದ್ದು ಬಸ್ಸು ಹತ್ತಿದ್ದ. ಮೊದಲ ಪಾಳಿ ಮುಗಿಸಿ ನೇರವಾಗಿ ಬಂದಿದ್ದರೆ ಐದು ಗಂಟೆಯೊಳಗೆ ಓಟು ಹಾಕಬಹುದಿತ್ತು. ಶಿವಾಜಿನಗರದಲ್ಲಿ ಬಸ್ಸು ಬದಲಿಸುವಾಗ ಪಾಳಿಯ ಜೊತೆಗಾರ ಬಷೀರ್ ತೋಳು ಹಿಡಿದ.

"ಒಂದ್ ಚಾಯ್ ಕುಡ್ಕೊಂಡ್ ಹೋಗು ಮಗಾ. ನಿಮ್ಮಮ್ಮ ಗೆದ್ದಂಗೇ ಅಲ್ವಾ?"

ಹೊಟ್ಟೆ ಹಸಿದಿತ್ತು. ಚಹಾದ ಜೊತೆ ಸಮೋಸ ಬಂತು, ಸಮೋಸದ ಜೊತೆ ಹರಟೆ ಬಂತು. ಒಂದು ಓಟು ತಾನೇ, ಹಾಳಾಗಲಿ ಎಂದು ಅವನು ಇನ್ನೊಂದು ಚಹಾ ಹೇಳಿದ. ದಾರಿಯಲ್ಲಿ ಟಿನ್ ಫ್ಯಾಕ್ಟರಿ ಸ್ಟಾಪಿನ ಹತ್ತಿರ ಲಾರಿಗಳು ದಾರಿ ಕಟ್ಟಿದ್ದವು. ಬಸ್ಸಿಳಿದು ಓಡೋಡಿ ಬಂದರೆ ಓಟು ಹಾಕುವ ಶಾಲೆಯ ಬಾಗಿಲು ಮುಚ್ಚಿತ್ತು. ತಮ್ಮ ಕಡೆಯ ಏಜೆಂಟಾಗಿ ಕೂತಿದ್ದ ಸೋದರಮಾವ "ಗೆದ್ದಾಯ್ತು" ಎಂದು ಹೇಳಿ ಆಗಲೇ ಸಾರಾಯಿ ಅಂಗಡಿಯ ದಾರಿ ಹಿಡಿದಿದ್ದ. ನೋಡಿದವರು ಯಾರೂ ಇರಲಿಲ್ಲ. ಮುನಿರಾಜ್ ಕರವಸ್ತ್ರ ಹರಿದು ಬೆರಳಿಗೆ ಸುತ್ತಿಕೊಂಡ.

ಒಳಗೆ ಅಕ್ಕಯಮ್ಮ ಹೆಣ್ಣು ಒಪ್ಪಿಸಿಕೊಟ್ಟು ಬಂದವಳಂತೆ ನಿರಾಳವಾಗಿದ್ದಳು. ಬೆಳಿಗ್ಗೆಯೇ ಸಾಲಿನಲ್ಲಿ ನಿಂತು ಓಟು ಹಾಕಿದ್ದಳು. ಹೊರಗೆ ಬಂದು ಮುನಿತಾಯಮ್ಮನ ಕೈ ಹಿಡಿದು ನಕ್ಕಳೆಂದು ಮುನಿಆಂಜನಪ್ಪನಿಗೆ ಇನ್ನೂ ಸಿಟ್ಟು. ಮಗನ ಬೆರಳು ಕಂಡದ್ದೇ ಅವಳು ಅರಿಶಿನದ ಬಟ್ಟಲು ತಂದಳು.

"ಬಿಚ್ಚು, ಹಚ್ತೀನಿ."

"ಬೇಡಮ್ಮಾ. ಡಾಕ್ಟ್ರು ಬಿಚ್ಬೇಡ ಅಂದವ್ರೆ."

ಅವಳು ಬಟ್ಟೆಯ ಮೇಲೆಯೇ ಉಫ್ ಎಂದು ಊದಿದಳು. ಮುನಿರಾಜನಿಗೆ ನಿಂತ ನೆಲ ಬಾಯಿ ಬಿಡಬಾರದೆ ಅನ್ನಿಸಿತು.

ಎಣಿಕೆಯ ದಿನ ಅಕ್ಕಯಮ್ಮ ಒಂದೇ ಒಂದು ಓಟಿನಿಂದ ಸೋತಳು. ಮತ್ತೆ ಎಣಿಸಿದರು. ಮತ್ತೆ ಅಷ್ಟೇ ಬಂತು.

"ಉಂಡ ಮನೆಗೆ ಎರಡು ಬಗೆದೋನು ಯಾವನು?" ಮುನಿಆಂಜನಪ್ಪ ಕೇರಿಗೆಲ್ಲ ಕೇಳುವಂತೆ ಕೂಗಿದ. ಅವನ ಅನುಮಾನ ಹೋಗಿ ಮುನಿಶಾಮಿಯ ಮೇಲೆ ಕೂತಿತು. ತೋಟದ ಕೆಲಸ ಮಾಡಿಕೊಂಡು ಇವರ ಹಿತ್ತಲ ಶೆಡ್ಡಿನಲ್ಲೇ ಸಂಸಾರ ಹೂಡಿದ್ದವನು ಅವನು. ಚುನಾವಣೆಯ ಹಿಂದಿನ ಸಂಜೆ ಅವನ ಹೆಂಡತಿ ಮುನಿತಾಯಮ್ಮನ ಮನೆಯಿಂದ ಸಾರು ತಂದದ್ದನ್ನು ಯಾರೋ ನೋಡಿದ್ದರು. ಬಡವನ ಮೇಲೆ ಬೆರಳು ತೋರಿಸಲು ಅಷ್ಟು ಸಾಕಾಯಿತು.

"ನಾಳೆ ಬೆಳಗಾಗೋದ್ರೊಳ್ಗೆ ಶೆಡ್ಡು ಖಾಲಿ ಆಗ್ಬೇಕು."

"ಕರ್ಪೂರ ಹಚ್ಚಿ ಆಣೆ ಮಾಡ್ತೀನಣ್ಣಾ. ನಾವಿಬ್ರೂ ಅಕ್ಕಂಗೇ ಹಾಕಿದ್ದು."

ಅಕ್ಕಯಮ್ಮ ಗೋಡೆಗೆ ಮುಖ ಮಾಡಿ ಕೂತಿದ್ದಳು. ಎಣಿಕೆ ಮುಗಿದಾಗಿನಿಂದ ತುತ್ತು ಅನ್ನ ಮುಟ್ಟಿರಲಿಲ್ಲ.

"ಅವನ್ನ ಬಿಡಿ," ಎಂದಳು. "ಯಾರ ಕೈ ತಪ್ಪು ಮಾಡ್ತೋ ಆ ಕೈಗೆ ಗೊತ್ತದೆ."

ಮುನಿರಾಜ್ ಬಟ್ಟೆ ಸುತ್ತಿದ ಬೆರಳನ್ನು ಮುಷ್ಟಿಯೊಳಗೆ ಅಡಗಿಸಿಕೊಂಡ. ಅಮ್ಮನಿಗೆ ತಿಳಿದುಹೋಗಿದೆ, ತನ್ನ ಮಾನ ಉಳಿಸಲೆಂದೇ ಬಾಯಿ ಕಟ್ಟಿಕೊಂಡಿದ್ದಾಳೆ ಎಂದುಕೊಂಡ. ಹಿತ್ತಲಲ್ಲಿ ಮುನಿಶಾಮಿಯ ಹೆಂಡತಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುವ ಸದ್ದು ಕೇಳುತ್ತಿತ್ತು. ತಾನು ಕುಡಿದ ಎರಡು ಲೋಟ ಚಹಾಕ್ಕೆ ಒಂದು ಸಂಸಾರ ಬೀದಿಗೆ ಬೀಳುತ್ತಿತ್ತು. ಅವನಿಂದ ತಡೆಯಲಾಗಲಿಲ್ಲ. ಎಲ್ಲರ ಎದುರಿಗೇ ಬೆರಳಿನ ಬಟ್ಟೆ ಬಿಚ್ಚಿದ.

"ಮುನಿಶಾಮಿ ಅಲ್ಲ ಅಪ್ಪಾ. ನಾನು. ನಾನು ಓಟೇ ಹಾಕ್ಲಿಲ್ಲ. ಶಿವಾಜಿನಗರ್‌ದಲ್ಲಿ ಚಾಯ್ ಕುಡೀತಾ ಕೂತ್ಬಿಟ್ಟೆ."

ಮುನಿಆಂಜನಪ್ಪ ಆ ಬೋಳು ಬೆರಳನ್ನೇ ನೋಡಿದ. ಆಮೇಲೆ ಬಗ್ಗಿ ಕಾಲಿನ ಚಪ್ಪಲಿ ಕಿತ್ತುಕೊಂಡ.

"ಹೆತ್ತ ತಾಯಿನೇ ಸೋಲಿಸಿದ್ಯಲ್ಲೋ!"

ಅಕ್ಕಯಮ್ಮ ಎದ್ದು ಬಂದು ನಡುವೆ ನಿಂತಳು. ಮಗನ ಬೆರಳನ್ನು ಅವಳೂ ಈಗಲೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು.

"ಅವನ ಮೇಲೆ ಕೈ ಎತ್ಬೇಡಿ. ಅವನು ಬಂದು ಹಾಕಿದ್ರೂ ಸಮ ಆಗೋದು ಅಷ್ಟೇ. ನಾನು ಗೆಲ್ತಿರ್ಲಿಲ್ಲ."

"ಮತ್ತೆ ನಿನ್ನ ಗೆಲ್ಲಿಸೋ ಓಟು ಇನ್ಯಾವನ ಹತ್ರ ಇತ್ತೇ?"

"ನನ್ ಹತ್ರನೇ. ಊಟಕ್ಕೆ ಕೂತು ನಮ್ಮೆಲೆಗೆ ನಾವೇ ಬಡಿಸ್ಕೊಂಡ್ರೆ ನೋಡ್ದೋರು ಏನಂತಾರೆ, ಹೆಂಗೂ ಮನೆಯೋರೆಲ್ಲ ನಂಗೇ ಹಾಕ್ತೀರಲ್ಲಾ ಅಂತ, ನಾನು ಮುನಿತಾಯಮ್ಮಂಗೆ ಒತ್ತಿ ಬಂದ್ಬಿಟ್ಟೆ."