ಅಜ್ಜಿಯ ಎಡಗೈ

ವಿಭೂತಿಯ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಅಜ್ಜಿಯ ಖಾಲಿ ಅಂಗೈ ನೆನಪಾಗುತ್ತದೆ.

ನಿಜಾಮನ ಕಾಲದ ರಜಾಕಾರರ ದಾಳಿಯ ಭಯಕ್ಕೆ ಔರಾದ ಬಿಟ್ಟು ಕಮಠಾಣದ ನೆಂಟರ ಮನೆಗೆ ಬಂದಿದ್ದೆವು. ದಾರಿಯಲ್ಲಿ ಜೋಳದ ಹೊಲದೊಳಗೆ ಅಡಗಿದ್ದಾಗ ಅಜ್ಜಿಯ ಕೊರಳಿನ ಶಿವದಾರ ಹರಿದು, ಇಷ್ಟಲಿಂಗ ಎಲ್ಲೋ ಬಿದ್ದುಹೋಗಿತ್ತು. ಲಿಂಗಪೂಜೆಯಾಗದೆ ನಮ್ಮಲ್ಲಿ ಯಾರೂ ಉಣ್ಣುತ್ತಿರಲಿಲ್ಲ. ಹೊಸ ಲಿಂಗ ಕಟ್ಟಬೇಕಾದ ಸ್ವಾಮಿಗಳು ಆ ಗಲಾಟೆಯಲ್ಲಿ ಬರುವಂತಿರಲಿಲ್ಲ. ಎರಡು ದಿನ ಅಜ್ಜಿ ನೀರೂ ಮುಟ್ಟಲಿಲ್ಲ.

ಮೂರನೆಯ ಮಧ್ಯಾಹ್ನ ಹಣೆಗೆ ವಿಭೂತಿ ಹಚ್ಚಿಕೊಂಡು, ದಿನಾ ಲಿಂಗವಿಟ್ಟು ಪೂಜಿಸುತ್ತಿದ್ದ, ಈಗ ಬರಿದಾದ ಎಡ ಅಂಗೈಯನ್ನು ಎದೆಯ ಮುಂದೆ ಹಿಡಿದು, ರೆಪ್ಪೆ ಬಡಿಯದೆ ನೋಡುತ್ತ ಕೂತಳು. ಬಹಳ ಹೊತ್ತಾದ ಮೇಲೆ ಅದನ್ನು ಕಣ್ಣಿಗೊತ್ತಿಕೊಂಡು, ಮುಷ್ಟಿ ಕಟ್ಟಿ, ಬಲಗೈಯಿಂದ ರೊಟ್ಟಿ ಮುರಿದಳು.

ಕಾಕಾ ಬೆಚ್ಚಿಬಿದ್ದ. "ಅವ್ವಾ, ಕೈಯಾಗ ಲಿಂಗನೇ ಇಲ್ಲ, ಹ್ಯಾಂಗ ಉಣ್ತೀ? ಪಾಪ ಹತ್ತತದ."

"ಮತ್ತ ನಾ ಇಷ್ಟೊತ್ತು ಏನ್ ನೋಡ್ದೆ ಅಂದ್ಕೊಂಡಿ?" ಎಂದಳು ಅಜ್ಜಿ.

ಕಾಕಾ ತನ್ನ ಕೊರಳಿನ ಲಿಂಗ ಹಿಡಿದುಕೊಂಡ. ನನಗೆ ಇಬ್ಬರ ಮಾತೂ ನಿಜವೆನಿಸಿತು. ಅಜ್ಜಿಯ ಎಡ ಮುಷ್ಟಿ ಇನ್ನೂ ಬಿಗಿಯಾಗಿಯೇ ಇತ್ತು. ಅದು ತೆರೆದಾಗ ಏನಾದರೂ ಬಿದ್ದೀತೆಂದು, ಆಕೆಯ ಊಟ ಮುಗಿಯುವ ತನಕ ನಾನು ಕೆಳಗೆ ಉಡಿಯೊಡ್ಡಿ ಕೂತಿದ್ದೆ.