ಮೇಷ್ಟ್ರು ಬಾರದ ದಿನ

ಬೆಳಗಿನಿಂದ ಪುಸ್ತಕ ಹೊಲಿಯುವ ಬೈಂಡರ್ ಒಂದು ಸಲವೂ ಎದ್ದು ನಿಂತಿರಲಿಲ್ಲ. ಅದು ಹೆಂಡತಿಗೆ ಹೊಳೆದದ್ದು ಮಧ್ಯಾಹ್ನ ಮೂರರ ಹೊತ್ತಿಗೆ, ಅವನು ಹೊಲಿದಿಟ್ಟ ದಪ್ಪ ರಿಜಿಸ್ಟರನ್ನು ರಟ್ಟು ಅಂಟಿಸಲೆಂದು ಕೈಗೆತ್ತಿಕೊಂಡಾಗ. ಅರ್ಧದಷ್ಟು ಹಾಳೆಗಳು ತಲೆಕೆಳಗಾಗಿದ್ದವು. ಅವನ ಕೈಯಿಂದ ಇಂಥ ತಪ್ಪು ಆದದ್ದೇ ಇಲ್ಲ. ಆಗುವುದಕ್ಕೆ ಅವನ ಸೊಂಟ ಬಿಡುತ್ತಿರಲಿಲ್ಲ. ಎಂಟು ಮಡಿಕೆ ಹಾಳೆ ಹೊಲಿಯುವಷ್ಟರಲ್ಲಿ ನೋವು ಸೊಂಟದಿಂದ ಎಡಗಾಲಿಗೆ ಇಳಿಯುತ್ತಿತ್ತು. ಅವನು ಹಲ್ಲು ಕಚ್ಚಿ ಎದ್ದು, ಹೇಗೂ ಎದ್ದದ್ದಾಯಿತಲ್ಲ ಎಂದು ಹೊಲಿದದ್ದನ್ನೊಮ್ಮೆ ತಿರುವಿ ನೋಡಿ, ಮತ್ತೆ ಕೂರುತ್ತಿದ್ದ. ಹಾಗೆ ಎಬ್ಬಿಸಿ ನಿಲ್ಲಿಸುವ ನೋವಿಗೆ ಅವನೇ ಮೇಷ್ಟ್ರು ಎಂದು ಹೆಸರಿಟ್ಟಿದ್ದ. ತಮಾಷೆಗೆಂದು ಅವಳೂ ಹಾಗೇ ಕರೆಯುತ್ತಿದ್ದಳು. ತಮಾಷೆ ಅವಳೊಬ್ಬಳದೇ ಎಂದು ತಿಳಿಯುವುದಕ್ಕೆ ವರ್ಷಗಳೇ ಬೇಕಾದವು.

"ರೀ, ಇವತ್ತು ಮೇಷ್ಟ್ರು ನಿಮ್ಮನ್ನ ಎಬ್ಬಿಸಲೇ ಇಲ್ವಾ?"

"ಬಂದೇ ಇಲ್ಲ ಕಣೇ," ಎಂದ ಅವನು. ಧ್ವನಿ ತೀರಾ ಸಣ್ಣದಾಗಿತ್ತು. "ಎದ್ದಾಗಿಂದ ಕಾಯ್ತಾ ಇದೀನಿ. ಹೇಳದೆ ಕೇಳದೆ ಹೀಗೆ ಹೋಗಿದ್ದು ಇದು ಎರಡನೇ ಸಲ."

ಮೊದಲನೇ ಸಲ ಅವಳು ಖುಷಿಪಟ್ಟಿದ್ದಳು. ಅಕ್ಕನಿಗೆ ಫೋನು ಮಾಡಿ ಹೇಳಿಕೊಂಡೂ ಇದ್ದಳು, ಮಂಕುಬೂದಿ ಎರಚಿಸಿಕೊಂಡವಳ ಹಾಗೆ. ಅವತ್ತು ಸಂಜೆ ಮೇಷ್ಟ್ರನ್ನು ಹುಡುಕಿಕೊಂಡು ಬರುತ್ತೇನೆಂದು ಹೊರಟವನು ಸಿಕ್ಕಿದ್ದು ಮೂರನೆಯ ದಿನ, ಊರಾಚೆಯ ನೀರಿನ ಟ್ಯಾಂಕಿನ ಏಣಿಯ ನಡುವೆ, ಬರಿಗಾಲಲ್ಲಿ. ಆಮೇಲೆ ನಾಲ್ಕು ತಿಂಗಳು ಆಸ್ಪತ್ರೆ. ಮೂಳೆ ಡಾಕ್ಟರು ನೋವು ನಿಜ ಎಂದರು, ಮನಸ್ಸಿನ ಡಾಕ್ಟರು ಮೇಷ್ಟ್ರು ಸುಳ್ಳು ಎಂದರು. ಅಂದಿನಿಂದ ಇಬ್ಬರ ಮಾತ್ರೆಗಳೂ ಒಂದೇ ಡಬ್ಬಿಯಲ್ಲಿ ಇರುತ್ತಿದ್ದವು. ಮನೆಗೆ ಕಳಿಸುವ ದಿನ ಮನಸ್ಸಿನ ಡಾಕ್ಟರು ಅವಳೊಬ್ಬಳನ್ನೇ ಕರೆದು, "ನೋವು ಜಾಸ್ತಿಯಾದ್ರೆ ನಾಳೆ ಹೇಳಿದ್ರೂ ಪರವಾಗಿಲ್ಲ. ಇದ್ದಕ್ಕಿದ್ದ ಹಾಗೆ ಇಲ್ಲವೇ ಇಲ್ಲ ಅಂದ್ರೆ ಆಗಲೇ ಫೋನ್ ಮಾಡಿ" ಎಂದಿದ್ದರು.

ಅವಳು ಅಡುಗೆಮನೆಗೆ ಹೋಗಿ ಆಸ್ಪತ್ರೆಗೆ ಫೋನು ಮಾಡಿದಳು. ಆರು ಗಂಟೆಗೆ ಗಾಡಿ ಬರುತ್ತದೆ, ಅಲ್ಲಿಯವರೆಗೆ ಹೊರಗೆ ಮಾತ್ರ ಬಿಡಬೇಡಿ ಎಂದಳು ನರ್ಸು. ಡಬ್ಬಿ ತೆಗೆದು ನೋಡಿದರೆ ಹತ್ತು ದಿನದಿಂದ ಅವನು ನುಂಗಬೇಕಿದ್ದ ಮಾತ್ರೆ ಹಾಗೇ ಉಳಿದಿತ್ತು. ತಿರುಗಿ ಬರುವಷ್ಟರಲ್ಲಿ ಅವನು ಚಪ್ಪಲಿ ಮೆಟ್ಟಿ ಬಾಗಿಲ ಚಿಲಕಕ್ಕೆ ಕೈ ಹಾಕಿದ್ದ. ಹನ್ನೊಂದು ವರ್ಷ ಎಡಕ್ಕೆ ವಾಲಿಕೊಂಡೇ ನಡೆದ ಮನುಷ್ಯ ನೆಟ್ಟಗೆ ನಿಂತಿದ್ದ. ಬೇರೆ ಯಾರೋ ಅವನ ಅಂಗಿ ತೊಟ್ಟುಕೊಂಡು ಬಂದ ಹಾಗಿತ್ತು. ಕಟ್ಟಿಕೊಂಡ ಗಂಡನನ್ನು ಕಂಡು ಅವಳಿಗೆ ಭಯವಾಯಿತು.

"ಎಲ್ಲಿಗೆ ಹೊರಟ್ರಿ?"

"ಪಾಪ, ವಯಸ್ಸಾದವರು. ಎಲ್ಲಾದ್ರೂ ದಾರಿ ತಪ್ಪಿದ್ರೆ? ಹೀಗೆ ಹೋಗಿ ಹಾಗೆ ಬಂದುಬಿಡ್ತೀನಿ."

ಹಿಡಿದು ನಿಲ್ಲಿಸುವ ಶಕ್ತಿ ಅವಳಿಗಿರಲಿಲ್ಲ. ಮೇಷ್ಟ್ರು ಅಂತ ಯಾರೂ ಇಲ್ಲ ಎಂದು ಹೋದ ಸಲ ವಾದ ಮಾಡಿ ಕೆಟ್ಟಿದ್ದಳು. ಈ ಸಲ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು.

"ಅವರು ಎಲ್ಲೂ ಹೋಗಿಲ್ಲ ರೀ. ಬೆಳಗಿಂದ ನನ್ನ ಹತ್ರ ಇದಾರೆ."

ಚಿಲಕದ ಮೇಲಿನ ಕೈ ಅಲ್ಲೇ ನಿಂತಿತು. ಅವನು ತಿರುಗಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಅವಳು ಗೋಡೆ ಹಿಡಿದು, ಎಡಗಾಲು ಎಳೆಯುತ್ತ ಎರಡು ಹೆಜ್ಜೆ ಹಾಕಿದಳು.

"ಸೊಂಟದಿಂದ ಇಳೀತಾ, ಮೀನಖಂಡದಿಂದ ಹತ್ತಿತಾ?"

"ಇಳೀತು."

"ಕೆಮ್ಮಿದ್ರೆ?"

"ಕಿರುಬೆರಳಿನ ತನಕ ಹೊಡೆಯುತ್ತೆ."

"ನಿನ್ನ ಹತ್ರ ಯಾಕೆ ಬಂದ್ರು?"

"ನಾನೇ ಕರೆದೆ. ನಿಮಗೂ ಒಂದು ದಿನ ರಜಾ ಸಿಗ್ಲಿ ಅಂತ."

"ಕರೀಬಾರದಿತ್ತು ಕಣೇ," ಎಂದ ಅವನು. ಚಪ್ಪಲಿ ಬಿಟ್ಟ.

ಅವಳನ್ನು ಮಂಚದ ಮೇಲೆ ಮಲಗಿಸಿ, ಮೊಣಕಾಲ ಕೆಳಗೆ ದಿಂಬು ಕೊಟ್ಟ. ನೀರು ಕಾಯಿಸಿ ತಂದು, ಬಿಸಿನೀರಿನ ಚೀಲವನ್ನು ಎಲ್ಲಿಡಬೇಕೋ ಸರಿಯಾಗಿ ಅಲ್ಲೇ ಇಟ್ಟ. ಅವಳನ್ನು ಇಷ್ಟು ಮುತುವರ್ಜಿಯಿಂದ ಯಾರೂ ನೋಡಿಕೊಂಡಿರಲಿಲ್ಲ. ಗಡಿಯಾರದಲ್ಲಿ ನಾಲ್ಕೂವರೆ. ಇನ್ನು ಒಂದೂವರೆ ಗಂಟೆ ಹೀಗೇ ನರಳುತ್ತಿದ್ದರೆ ಸಾಕು, ಈ ಮನುಷ್ಯ ಉಳಿಯುತ್ತಾನೆ ಎಂದುಕೊಂಡಳು. ನಿಜವಾಗಿಯೂ ಅಳು ಬಂತು. ಅವನು ಅದನ್ನೂ ಸೊಂಟದ ಲೆಕ್ಕಕ್ಕೇ ಹಾಕಿ, ಚೀಲವನ್ನು ಒಂದು ಬೆರಳಿನಷ್ಟು ಕೆಳಗೆ ಸರಿಸಿದ.

ಆಮೇಲೆ ಮಂಚದ ಪಕ್ಕ ನೆಲದ ಮೇಲೆ ಕೂತು, ಅವಳ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಕೇಳಿದ. "ನಿನಗೆ ಏನಂದ್ರು?"

"ಯಾರು?"

"ಮೇಷ್ಟ್ರು. ಇನ್ನೂ ಮಾತಾಡಿಲ್ವಾ?"

ನೋವು ಎಲ್ಲಿ ಹುಟ್ಟಿ ಎಲ್ಲಿಗೆ ಹೋಗುತ್ತದೆ, ಯಾವ ಮಗ್ಗುಲಿಗೆ ಇಳಿಯುತ್ತದೆ, ಎಲ್ಲ ಅವಳಿಗೆ ಬಾಯಿಪಾಠ. ಅದು ಮಾತಾಡುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಅವನು ಡಾಕ್ಟರಿಗೂ ಹೇಳಿರಲಿಲ್ಲ. ಇಷ್ಟು ವರ್ಷ ಅವಳು ಇದೇ ಮಂಚದ ಮೇಲೆ, ಒಂದು ಮೊಳ ದೂರದಲ್ಲಿ, ನೆಮ್ಮದಿಯಾಗಿ ನಿದ್ದೆ ಮಾಡಿದ್ದಳು.

"ಇಲ್ಲ," ಎಂದಳು. "ಏನೂ ಹೇಳಲಿಲ್ಲ."

ಅವನು ಹೌದೆಂಬಂತೆ ತಲೆಯಾಡಿಸಿ ಅವಳ ಹೊದಿಕೆ ಸರಿಮಾಡಿದ.

"ಯಾರಿಗೆ ಏನು ಮಾಡ್ಬೇಕು ಅಂತ ಮೊದಲನೇ ದಿನ ಹೇಳಲ್ಲ ಕಣೇ. ನಿನಗೆ ಯಾರನ್ನ ಕಂಡ್ರೆ ಪ್ರಾಣ ಅಂತ ತಿಳ್ಕೋತಾರೆ, ಅಷ್ಟೇ."