ಸೀಲು ಒಡೆಯದ ಕಂಪ್ಯೂಟರು

"ಸರ್, ಈ ಕಂಪ್ಯೂಟರಿನ ವಾರಂಟಿ ಮೊನ್ನೆಗೇ ಮುಗಿದಿದೆ," ಎಂದಳು ಕಂಪನಿಯ ಹುಡುಗಿ ಫೋನಿನಲ್ಲಿ. ಅಂಗಡಿಯವನ ಬ್ಲೇಡು ಬಾಕ್ಸಿನ ಟೇಪಿನ ಮೇಲೆ ಹಾಗೇ ನಿಂತಿತು. ಹದಿನೈದು ದಿನಕ್ಕೆ ಬಂದ ಒಂದೇ ಒಂದು ಗಿರಾಕಿ, ಪಕ್ಕದ ಬೀದಿಯ ನರ್ಸಮ್ಮ, ಎದುರಿಗೇ ನಿಂತು ಸ್ಪೀಕರಿನಲ್ಲಿ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

"ಅಲ್ಲಮ್ಮಾ, ಸೀಲೇ ಒಡೆದಿಲ್ಲ. ಈಗಿನ್ನೂ ಮಾರ್ತಾ ಇದೀನಿ."

"ನಮ್ಮಲ್ಲಿ ಅದು ಹೋದ ವರ್ಷಾನೇ ಮಾರಾಟ ಆಗಿದೆ ಸರ್. ನಿಮಗೆ ಕಳಿಸಿದ ದಿನಾನೇ."

ಆ ದಿನವನ್ನು ಅವನು ಮರೆತಿರಲಿಲ್ಲ. ವರ್ಷದ ಗುರಿ ಮುಟ್ಟಲೇಬೇಕೆಂದು ಕಂಪನಿಯವರು, ಬೇಡ ಬೇಡವೆಂದರೂ, ಅರವತ್ತು ಬಾಕ್ಸು ಅವನ ತಲೆಗೆ ಕಟ್ಟಿದ್ದರು. ಮರುವಾರವೇ ದಾಖಲೆ ಮಾರಾಟವೆಂದು ಪೇಪರಿನಲ್ಲಿ ಬಂದಿತ್ತು. ಆ ಅರವತ್ತರಲ್ಲಿ ಐವತ್ತೆಂಟು ಇನ್ನೂ ಇಲ್ಲೇ ಸೂರು ಮುಟ್ಟಿಕೊಂಡಿದ್ದವು. ಅಂಗಡಿಯಲ್ಲಿ ಕುರ್ಚಿಗೂ ಜಾಗವಿರಲಿಲ್ಲ.

ನರ್ಸಮ್ಮ ಕೈಚೀಲದ ಜಿಪ್ಪು ಎಳೆದುಕೊಂಡಳು. "ಹೋದ ವರ್ಷಾನೇ ಮಾರಿದ್ದು ಅಂದ್ರೆ ಏನಣ್ಣಾ? ಇಷ್ಟು ದಿನ ಇವನ್ನ ಬಳಸಿದ್ದು ಯಾರು?"

ಮೂಲೆಯಲ್ಲಿ ಬಾಕ್ಸಿನ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದ ಅಂಗಡಿಯವನ ಹೆಂಡತಿ ಮೆಲ್ಲಗೆ ಎದ್ದು ನಿಂತು, ಕೂತು ಕೂತು ತಗ್ಗಾಗಿದ್ದ ಅದರ ಮೇಲ್ಭಾಗವನ್ನು ಅಂಗೈಯಿಂದ ಒರೆಸಿದಳು.